‘ಸರ್ವಾಧಿಕಾರ’ವೆಂಬ ಪದವೂ ಮಾರ್ಕ್ಸನ ವ್ಯಾಖ್ಯಾನಕಾರರೂ

1917ರ ತರುವಾಯ ರಷ್ಯಾದಲ್ಲಿ ನೆಲೆಗೊಂಡ ನಿರಂಕುಶ ಪ್ರಭುತ್ವಕ್ಕೆ ಮಾರ್ಕ್ಸನ ಮೂಲಗ್ರಂಥಗಳು ಕಾರಣವೋ, ಅವುಗಳ ವ್ಯಾಖ್ಯಾನಕಾರರು ಕಾರಣರೋ ಎಂಬ ವಿವಾದವು ಇಂದಿಗೂ ಇತ್ಯರ್ಥವಾಗಿಲ್ಲ. ಅದು ಬಹುಮಟ್ಟಿಗೆ ಒಂದು ಪದದ ಅರ್ಥವನ್ನು ಆಶ್ರಯಿಸಿ ನಿಂತಿರುವುದರಿಂದ, ಭಾಷಾಸಾಹಿತ್ಯಗಳ ಅಧ್ಯಾಪಕರೂ ಅದನ್ನು ಪರಿಶೀಲಿಸುವುದು ಉಚಿತವೇ ಆಗಿದೆ.

ಕನ್ನಡದಲ್ಲಿ ‘ಶ್ರಮಜೀವಿವರ್ಗದ ಸರ್ವಾಧಿಕಾರ’ವೆಂದು ಹೇಳುವ ಮಾತನ್ನು ಮಾರ್ಕ್ಸನು ಪ್ರಯೋಗಿಸಿರುವುದು ಕೆಲವೇ ಕಡೆಗಳಲ್ಲಿ. 1852ರಲ್ಲಿ ವೈಡೆಮೆಯರನಿಗೆ ಬರೆದ ಕಾಗದವೂ 1875ರ ಗೋಥಾ ಕಾರ್ಯಕ್ರಮದ ವಿಮರ್ಶೆಯೂ ಅವುಗಳಲ್ಲಿ ಮುಖ್ಯವಾದುವು. ಮೂಲಪದವು ರೋಮಿನ ಗಣರಾಜ್ಯದಿಂದ ಬಂದುದು. ಅಲ್ಲಿ ಡಿಕ್ಟೇಟರನನ್ನು ವಿಪತ್ಕಾಲದಲ್ಲಿ ನಿಯಮಿಸುತ್ತಿದ್ದರು. ಆತನ ಅವಧಿಗೆ 6 ತಿಂಗಳೇ ಎಲ್ಲೆ. ನಮ್ಮ ‘ಸರ್ವಾಧಿಕಾರ’ದಲ್ಲಿ ಈ ಎಲ್ಲೆಯ ಸೂಚನೆಯೇ ಇಲ್ಲ. ಹೀಗಾಗಿ ಅನುವಾದದಲ್ಲಿಯೇ ಒಂದು ಪಕ್ಷದ ತೀರ್ಪು ಅಡಗಿದೆಯೆನ್ನಬೇಕು.

1918ರಲ್ಲಿ ಕೌಟ್ಸ್ಕಿಯು, ಈ ಪದವು ಬಹುಸಂಖ್ಯಾತವರ್ಗದ ಪ್ರಾಬಲ್ಯಸ್ಥಿತಿಯನ್ನು ಹೇಳುವುದೇ ಹೊರತು ಸರ್ಕಾರದ ರೂಪವನ್ನಲ್ಲವೆಂದೂ, 1871ರ ಪ್ಯಾರಿಸ್ ಕಮ್ಯೂನು ಚುನಾವಣೆಯಿಂದ ಹುಟ್ಟಿತೆಂದೂ ವಾದಿಸಿದನು. ಕಾನೂನಿನ ಕಟ್ಟಿಲ್ಲದ, ಬಲವನ್ನೇ ಆಧರಿಸಿದ ಅಧಿಕಾರವೆಂಬುದೇ ಇದರ ಅರ್ಥವೆಂದು ಲೆನಿನ್ನನು ಅದೇ ವರ್ಷ ಪ್ರತ್ಯುತ್ತರವಿತ್ತನು. ಅಷ್ಟರಲ್ಲಿ, ಆ ವರ್ಷದ ಜನವರಿಯಲ್ಲಿಯೇ, ರಷ್ಯಾದ ಸಂವಿಧಾನಸಭೆಯು ಒಂದೇ ಅಧಿವೇಶನಕ್ಕೆ ವಿಸರ್ಜಿತವಾಗಿದ್ದಿತು.

ಇವರಿಬ್ಬರನ್ನೂ ಒಪ್ಪದವಳು ರೋಸಾ ಲಕ್ಸೆಂಬರ್ಗ್. 1918ರಲ್ಲಿ ಸೆರೆಮನೆಯಲ್ಲಿ ಬರೆದು, ಆಕೆಯ ಕೊಲೆಯಾದ ಬಳಿಕ 1922ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಸರ್ವಾಧಿಕಾರವನ್ನೂ ಪ್ರಜಾಪ್ರಭುತ್ವವನ್ನೂ ಪರಸ್ಪರ ವಿರುದ್ಧವೆಂದು ಎಣಿಸಿದುದೇ ಉಭಯರ ದೋಷವೆಂದಳು. ಪತ್ರಿಕಾಸ್ವಾತಂತ್ರ್ಯವೂ ಸಭಾಸ್ವಾತಂತ್ರ್ಯವೂ ಇಲ್ಲದೆಡೆ ವರ್ಗದ ಆಳ್ವಿಕೆಯು ಕೆಲವರ ಆಳ್ವಿಕೆಯಾಗುವುದೆಂಬುದು ಆಕೆಯ ಎಚ್ಚರಿಕೆ. ಅದೇ ವರ್ಷದ ಕೊನೆಯಲ್ಲಿ ಆಕೆಯೇ ಜರ್ಮನಿಯಲ್ಲಿ ರಾಷ್ಟ್ರಸಭೆಗೆ ಬದಲಾಗಿ ಕಾರ್ಮಿಕಮಂಡಲಿಗಳ ಪಕ್ಷವನ್ನು ವಹಿಸಿದಳೆಂದು ಕೆಲವರು ಆಕ್ಷೇಪಿಸುವರು. ಅದು ನಿಜ. ಆದರೆ ವಾದದ ಸತ್ಯವು ವಾದಿಯ ಸ್ಥೈರ್ಯವನ್ನು ಅವಲಂಬಿಸಿದುದಲ್ಲ. 1921ರ ಮಾರ್ಚಿಯಲ್ಲಿ ಹತ್ತನೆಯ ಪಕ್ಷಸಮ್ಮೇಳನವು ಪಕ್ಷದೊಳಗಿನ ಬಣಗಳನ್ನೂ ನಿಷೇಧಿಸಿದುದು ಆ ಎಚ್ಚರಿಕೆಗೆ ಭಾಷ್ಯದಂತಿದೆ.

ಹಾಗಾದರೆ ಮೂಲವು ನಿರ್ದೋಷವೇ? ನಮಗೆ ಹಾಗೆ ತೋರದು. ವರ್ಗದ ಪರವಾಗಿ ಆಳುವವರು ಯಾರು, ಎಲ್ಲಿಯವರೆಗೆ, ಅವರನ್ನು ಕೆಳಗಿಳಿಸುವವರು ಯಾರು? ಕಮ್ಯೂನನ್ನು ಕುರಿತ ಗ್ರಂಥದಲ್ಲಿ, ಪ್ರತಿನಿಧಿಗಳನ್ನು ಹಿಂದಕ್ಕೆ ಕರೆಯಿಸಿಕೊಳ್ಳುವ ಹಕ್ಕನ್ನು ಮಾರ್ಕ್ಸನು ಕೊಂಡಾಡಿರುವನು. ಆದರೆ ‘ಸರ್ವಾಧಿಕಾರ’ವೆಂದ ಕಡೆ ಆ ಎಲ್ಲೆಯನ್ನು ಹಾಕಲಿಲ್ಲ. ಎಚ್ಚರಿಸುವವರಿಲ್ಲದೆ ಹೀಗಾಯಿತೆನ್ನುವಂತಿಲ್ಲ. ಆಳತೊಡಗಿದ ಕಾರ್ಮಿಕನು ಕಾರ್ಮಿಕನಾಗಿ ಉಳಿಯನೆಂದು ಬಕೂನಿನನು 1873ರಲ್ಲಿಯೇ ಬರೆದಿದ್ದನು. ಮಾರ್ಕ್ಸನು ಅದನ್ನೋದಿ ಟಿಪ್ಪಣಿಗಳಲ್ಲಿ ಅಲ್ಲಗಳೆದನೇ ಹೊರತು ಆ ಉತ್ತರವನ್ನು ಗ್ರಂಥವಾಗಿ ಬೆಳೆಯಿಸಲಿಲ್ಲ.

ಆದುದರಿಂದ ಮೌನದ ಹೊಣೆ ಮೂಲಕಾರನದು. ಆ ಮೌನವನ್ನು ಬಲದಿಂದ ತುಂಬಿದ ಹೊಣೆ ವ್ಯಾಖ್ಯಾನಕಾರರದು. ಬೇರೆ ರೀತಿಯಿಂದಲೂ ಅದನ್ನು ತುಂಬಬಹುದಾಗಿತ್ತೆಂಬುದಕ್ಕೆ ಲಕ್ಸೆಂಬರ್ಗಳ ಪ್ರಬಂಧವೇ ಸಾಕ್ಷಿ. ಪಾಠ ಹೇಳುವವರು ಈ ಎರಡನ್ನೂ ಬೇರ್ಪಡಿಸಿ ತೋರಿಸುವುದು ಅವಶ್ಯಕ.