ಬೆಣ್ಣೆ ಚಾವಡಿ, ಅಮೃತಮಹಲು: ಹೆಸರೂ ಹಾಲೂ

ಮೈಸೂರು ಸಂಸ್ಥಾನದ ಗೋಸಂಪತ್ತಿನ ಇಲಾಖೆಗೆ ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಬೆಣ್ಣೆ ಚಾವಡಿಯೆಂದೂ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲೆಂದೂ ಹೆಸರಾಯಿತು. ಒಂದು ಬೆಣ್ಣೆಯನ್ನು ಹೇಳುತ್ತದೆ, ಇನ್ನೊಂದು ಹಾಲನ್ನು. ಆದರೆ ಅಮೃತಮಹಲಿನ ಹಸುವು ಅಲ್ಪಕ್ಷೀರೆಯೆಂಬುದು ಲೋಕವಿದಿತ. ಈ ವಿರೋಧವನ್ನು ಕಂಡವರು ಹೆಸರು ಬರಿಯ ಅತಿಶಯೋಕ್ತಿಯೆಂದೋ, ಬೀಜವೇ ಹೀನವೆಂದೋ ತೀರ್ಮಾನಿಸುವುದುಂಟು. ಎರಡೂ ಅವಸರದ ಮಾತುಗಳು.

ಹೆಸರು ಸಂದುದು ಮೊದಲು ಇಲಾಖೆಗೆ, ತಳಿಗಲ್ಲ; ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಆ ಚಾವಡಿಯ ಕೆಲಸವಾಗಿತ್ತು. ತರುವಾಯ ಅದೇ ಹಿಂಡುಗಳಿಂದ ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ಎಳೆಯುವ ಎತ್ತುಗಳು ಬೇಕಾದುವು. ತಲೆತಲಾಂತರವಾಗಿ ಆರಿಸಿದುದು ಎತ್ತಿನ ವೇಗವನ್ನೂ ತಾಳಿಕೆಯನ್ನೂ, ಹಸುವಿನ ಕೆಚ್ಚಲನ್ನಲ್ಲ. ಹಸುಗಳಾದರೋ ಬೇಸಗೆ, ಮಳೆ, ಚಳಿಗಾಲಗಳಿಗೆ ಬೇರೆಬೇರೆಯಾಗಿ ಗೊತ್ತುಮಾಡಿದ್ದ ಕಾವಲುಗಳಲ್ಲಿ ಅರೆಗಾಡುಬಾಳನ್ನು ಬಾಳಿ, ದೊರೆತ ಹುಲ್ಲನ್ನು ಮೇದು, ಇದ್ದ ಹಾಲನ್ನು ಕರುವಿಗೇ ಊಡುತ್ತಿದ್ದುವು. ಇಂತಹ ಹಸುವಿನ ಹಾಲನ್ನಳೆದು ಬೀಜಕ್ಕೆ ಬೆಲೆ ಕಟ್ಟಿದರೆ, ಆ ಅಳತೆಯಲ್ಲಿ ಬೀಜದ ಪಾಲೆಷ್ಟು, ಕಾವಲಿನ ಪಾಲೆಷ್ಟು ಎಂಬುದು ತಿಳಿಯುವುದೇ ಇಲ್ಲ.

ಹಿಂಡೊಂದರಲ್ಲಿ ಹಸುಹಸುವಿಗೆ ಹಾಲಿನಲ್ಲಿ ಕಾಣಬರುವ ವ್ಯತ್ಯಾಸದಲ್ಲಿ ಸುಮಾರು ಕಾಲುಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಮಾತ್ರ ಆನುವಂಶಿಕವೆಂದು ತಳಿಶಾಸ್ತ್ರಜ್ಞರ ಗಣನೆ. ಉಳಿದುದು ಮೇವು, ನೀರು, ಹವೆ, ಆರೈಕೆಗಳಿಂದ ಬಂದುದು. ಇವೆರಡನ್ನು ಕೂಡಿಸಿದ ಮಾತ್ರಕ್ಕೆ ಲೆಕ್ಕ ಮುಗಿಯದು. ಒಂದು ನೆಲದಲ್ಲಿ ಮೊದಲನೆಯದೆನಿಸಿದ ಬೀಜ ಇನ್ನೊಂದರಲ್ಲಿ ಹಿಂದೆ ಬೀಳಬಹುದು. ಶೀತಲವಾದ ಹಾಲೆಂಡು, ಉತ್ತರ ಜರ್ಮನಿಗಳ ಕಪ್ಪುಬಿಳುಪಿನ ಹೋಲ್‌ಸ್ಟೀನ್ ಹಸುವು ಉಷ್ಣತೆ ಸುಮಾರು 25 ಡಿಗ್ರಿ ಸೆಂಟಿಗ್ರೇಡನ್ನು ಮೀರಿತೆಂದರೆ ಮೇವನ್ನು ಕಡಮೆಮಾಡಿ ಹಾಲನ್ನಿಳಿಸುತ್ತದೆ. ಸೌರಾಷ್ಟ್ರದ ಗಿರ್ ತಳಿಯು ಬ್ರೆಜಿಲಿಗೆ ಹೋಗಿ, ಅಲ್ಲಿಯ ಬಿಸಿಲನ್ನು ಸಹಿಸಿ, ಹೇರಳವಾಗಿ ಹಾಲು ಕೊಡತೊಡಗಿತು. ಇದಕ್ಕೆ ಬ್ರೆಜಿಲಿನ ಹುಲ್ಲೇ ಕಾರಣವೆನ್ನತಕ್ಕದ್ದಲ್ಲ. 1985ರಿಂದ ಅಲ್ಲಿ ಹೋರಿಗಳನ್ನು ಅವುಗಳ ಮಗಳಂದಿರ ಹಾಲನ್ನು ನೋಡಿ ಪರೀಕ್ಷಿಸುತ್ತ ಬಂದಿದ್ದಾರೆ.

ಆದುದರಿಂದ ಅಮೃತಮಹಲೂ ಗಿರ್‌ನಂತೆ ಕರೆದೀತೆಂದು ಹೇಳುವುದೂ ಸಾಹಸವೇ. ಗಿರ್ ಮೊದಲಿನಿಂದ ಹಾಲಿಗೆ ಹೆಸರಾದ ತಳಿ, ಇದು ಹಾಗಲ್ಲ. ಆದರೂ ಎತ್ತಿಗಾಗಿ ಬೆಳೆಯಿಸಿದ ತಳಿಯನ್ನು ಹಾಲಿನ ಸೇರಿನಿಂದ ಅಳೆದು ಅಯೋಗ್ಯವೆನ್ನುವ ವಾದಕ್ಕೆ ಆಧಾರ ಸಾಲದು. ಎತ್ತಿನ ಕೆಲಸವನ್ನು ಯಂತ್ರ ಕಸಿದುಕೊಂಡಿತು, ಕಾವಲುಗಳು ಕುಗ್ಗಿದುವು. ಕೆಚ್ಚಲಿನ ಮೇಲೆ ಹೊರಿಸುವ ಅಪವಾದದಲ್ಲಿ ಈ ಎರಡರ ಮಾತೇ ಬರುವುದಿಲ್ಲ.