ಪೊರಕೆ ಯಾರ ಕೈಲಿತ್ತು?

ಜೈಲಿನಲ್ಲಿ ಕೂತು ಬರೆದ ಪುಸ್ತಕಗಳನ್ನ ನಾವು ಬಹಳ ಗೌರವದಿಂದ ಓದುತ್ತೇವೆ. ಗೋಡೆ, ಕಂಬಿ, ಒಂಟಿತನ, ಕಿಟಕಿಯಾಚೆ ಒಂದು ಚೂರು ಆಕಾಶ. ಇಷ್ಟು ಸಿಕ್ಕರೆ ಸಾಕು, ನಮ್ಮ ವಿಮರ್ಶಕರಿಗೆ 'ಮನುಷ್ಯಚೇತನದ ಗೆಲುವು' ಕಾಣಿಸಿಬಿಡುತ್ತದೆ. ಆ ಗೆಲುವನ್ನ ನಾನು ಅಲ್ಲಗಳೆಯುತ್ತಿಲ್ಲ. ಆದರೆ ಇಂಥ ಪುಸ್ತಕ ಕೈಗೆ ಬಂದಾಗ ನನಗೆ ಮೊದಲು ಹುಟ್ಟೋ ಪ್ರಶ್ನೆ ಬೇರೆ. ಇದನ್ನ ಬರೆಯುತ್ತಿದ್ದ ಹೊತ್ತಿನಲ್ಲಿ ಆ ಜೈಲಿನ ಕಕ್ಕಸು ತೊಳೀತಿದ್ದವರು ಯಾರು? ಪೊರಕೆ ಯಾರ ಕೈಲಿತ್ತು?

ಇದು ಕೊಂಕು ಪ್ರಶ್ನೆ ಅಲ್ಲ. ಜೈಲು ಅಂದರೆ ಕಳಕೊಂಡ ಸ್ವಾತಂತ್ರ್ಯ ಮಾತ್ರ ಅಲ್ಲ. ಬೆಳಗಾದರೆ ನೀರಿನ ಸಾಲು, ಕಕ್ಕಸಿನ ಸಾಲು, ತಟ್ಟೆ, ಕಂಬಳಿ, ಬೀಡಿ, ಮುದ್ದೆ. ಒಳಗಿರೋ ಮನುಷ್ಯ ದಿನ ದೂಡೋದು ಈ ಸಾಮಾನುಗಳ ನಡುವೆ. ಜಾತಿ ವಾಸ ಮಾಡೋದೂ ಇವುಗಳಲ್ಲೇ. ಹಾಗಾಗಿ ಜೈಲು ಬರಹದ ವಿಮರ್ಶೆ ಆಕಾಶದಿಂದಲ್ಲ, ಬಕೆಟ್ಟಿನಿಂದ ಶುರುವಾಗಬೇಕು ಅನ್ನೋದು ನನ್ನ ವಾದ.

ನಮ್ಮ ದೇಶದ ಹೆಸರಾಂತ ಜೈಲು ಪುಸ್ತಕಗಳನ್ನೇ ತಗೊಳ್ಳಿ. ತಿಲಕರು 'ಗೀತಾರಹಸ್ಯ' ಬರೆದದ್ದು ಮಂಡಾಲೆ ಜೈಲಿನಲ್ಲಿ. ಅಲ್ಲಿ ಅವರ ಅಡಿಗೆಗೆ ಬ್ರಾಹ್ಮಣ ಕೈದಿಯೊಬ್ಬನನ್ನೇ ಒದಗಿಸಿದ್ದರು. ನೆಹರೂ 'ಡಿಸ್ಕವರಿ ಆಫ್ ಇಂಡಿಯಾ' ಬರೆದದ್ದು ಅಹಮದ್‌ನಗರದ ಕೋಟೆಯ ಬಂಧನದಲ್ಲಿ, 1944ರಲ್ಲಿ. ಇವು ಸಣ್ಣ ಪುಸ್ತಕಗಳಲ್ಲ. ಆದರೆ ಒಂದು ದೊಡ್ಡ ಪುಸ್ತಕ ಜೈಲಿನಲ್ಲಿ ಹುಟ್ಟಬೇಕಾದರೆ ಕಾಗದ ಬೇಕು, ದೀಪ ಬೇಕು, ಬಿಡುವು ಬೇಕು. ಆ ಬಿಡುವು ಎಲ್ಲಿಂದ ಬರುತ್ತದೆ? ಅಡಿಗೆ, ಕಸ, ಮಲದ ಕೆಲಸ ಇನ್ನೊಬ್ಬರ ಪಾಲಿಗೆ ಹೋದಾಗ ಬರುತ್ತದೆ. ಪುಸ್ತಕದ ಕೆಳಗೆ ಒಂದು ದುಡಿಮೆ ಇದೆ. ಆ ದುಡಿಮೆಗೆ ಅಲ್ಲಿ ಹೆಸರಿಲ್ಲ.

ಈ ವ್ಯತ್ಯಾಸ ಆಕಸ್ಮಿಕವೂ ಅಲ್ಲ. 1929ರಲ್ಲಿ ಲಾಹೋರ್ ಜೈಲಿನಲ್ಲಿ ರಾಜಕೀಯ ಕೈದಿಗಳು ಮನುಷ್ಯರ ಹಾಗೆ ನಡೆಸಿಕೊಳ್ಳಿ ಅಂತ ಉಪವಾಸ ಕೂತರು. 63 ದಿನ ಅನ್ನ ಬಿಟ್ಟು ಜತೀಂದ್ರನಾಥ ದಾಸ್ ಪ್ರಾಣ ಕೊಟ್ಟರು. ಸರ್ಕಾರ ಅದಕ್ಕೆ ಕೊಟ್ಟ ಉತ್ತರ ಎ, ಬಿ, ಸಿ ಅನ್ನೋ ಮೂರು ದರ್ಜೆ. ದರ್ಜೆ ತೀರ್ಮಾನ ಆಗುತ್ತಿದ್ದುದು ಕೈದಿಯ ಅಂತಸ್ತು, ಓದು, ಹೊರಗಿನ ಜೀವನದ ರೀತಿ ನೋಡಿ. ಹೊರಗೆ ಮಂಚದ ಮೇಲೆ ಮಲಗಿದವನಿಗೆ ಒಳಗೂ ಮಂಚ, ಹೊರಗೆ ನೆಲದ ಮೇಲೆ ಮಲಗಿದವನಿಗೆ ಒಳಗೂ ನೆಲ. ಸಮಾನತೆಗಾಗಿ ಸತ್ತವರ ಹೆಣದ ಮೇಲೆ ಶ್ರೇಣಿ ಕಟ್ಟಿದರು. ನಮ್ಮ ಜೈಲು ಸಾಹಿತ್ಯದ ಬಹುಪಾಲು ಈ ಶ್ರೇಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ಬರೆದದ್ದು. ಸಿ ದರ್ಜೆ ಬರೆಯಲಿಲ್ಲ, ಬಳಿಯಿತು.

ಇಲ್ಲೊಂದು ಆಕ್ಷೇಪ ಬರಬಹುದು. ಗಾಂಧೀಜಿ ತಾವೇ ಕಕ್ಕಸು ತೊಳೆಯಲಿಲ್ಲವೇ? ತೊಳೆದರು. ಆಶ್ರಮದಲ್ಲಿ ಅದನ್ನೇ ನಿಯಮ ಮಾಡಿದರು. ಅದರ ನೈತಿಕ ಧೈರ್ಯ ದೊಡ್ಡದು. ಆದರೆ ಒಬ್ಬರ ಕೈಯಲ್ಲಿ ಪೊರಕೆ ವ್ರತವಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಹಣೆಬರಹವಾಗುತ್ತದೆ. ವ್ರತ ಹಿಡಿದವರು ಬಿಡಬಹುದು, ಹಣೆಬರಹ ಹೊತ್ತವರು ಬಿಡೋ ಹಾಗಿಲ್ಲ. 1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನಲ್ಲಿ ಎದುರುಬದುರಾದದ್ದು ಈ ಎರಡು ನೋಟಗಳೇ ಅಂತ ನನಗನ್ನಿಸುತ್ತದೆ. ಉಪವಾಸ ಕೂತ ಕೈದಿ ಗಾಂಧಿ. ಹೊರಗಿನಿಂದ ಬಂದ ಸ್ವತಂತ್ರ ಮನುಷ್ಯ ಅಂಬೇಡ್ಕರ್. ಆದರೂ ಆ ದಿನ ಕಟ್ಟಿಹಾಕಿಸಿಕೊಂಡವರು ಯಾರು ಅಂತ ಯೋಚನೆ ಮಾಡಿ. ಸೆಪ್ಟೆಂಬರ್ 24ರಂದು ಸಹಿ ಹಾಕಿ ತಮ್ಮ ಜನರ ಪ್ರತ್ಯೇಕ ಮತದಾರ ಕ್ಷೇತ್ರವನ್ನ ಬಿಟ್ಟುಕೊಟ್ಟವರು ಜೈಲಿನ ಹೊರಗಿದ್ದವರು.

ಸಿ ದರ್ಜೆಯವರು ಬರೆಯಲಿಲ್ಲ ಅಂದೆ. ಆದರೆ ಅವರ ಬಗ್ಗೆ ಬರೆದ ಪುಸ್ತಕ ಒಂದಿದೆ. ಅದು ಜೈಲು ಕೈಪಿಡಿ. ವಿಮರ್ಶಕರು ಅದನ್ನ ಸಾಹಿತ್ಯ ಅಂತ ಲೆಕ್ಕಕ್ಕೆ ತಗೊಳ್ಳೋದಿಲ್ಲ. ತಗೊಳ್ಳಬೇಕು. ಅದಕ್ಕೊಂದು ಚರಿತ್ರೆ ಇದೆ. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರಪುರದ ಜೈಲುಗಳಲ್ಲಿ ಕೈದಿಗಳ ಹಿತ್ತಾಳೆ ಲೋಟ ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಡಲು ಹೋದಾಗ ದಂಗೆಯಾಯಿತು. ಹಿತ್ತಾಳೆಯನ್ನ ಬೆಳಗಿ ಶುದ್ಧ ಮಾಡಬಹುದು, ಮಣ್ಣನ್ನ ಮಾಡಲಾಗದು. ಜಾತಿ ಕೆಡುತ್ತದೆ ಅನ್ನೋ ಭಯ. ಇದನ್ನ ಪರಕೀಯರ ವಿರುದ್ಧದ ಪ್ರತಿರೋಧ ಅಂತ ಓದುವವರಿದ್ದಾರೆ. ಇರಬಹುದು. ಆದರೆ ಇಂಥವುಗಳಿಂದ ಬ್ರಿಟಿಷರು ಕಲಿತ ಪಾಠ ಏನು? ಜೈಲು ಶಾಂತವಾಗಿರಬೇಕಾದರೆ ಜಾತಿಯನ್ನ ಮುಟ್ಟಬಾರದು, ಅದನ್ನೇ ನಿಯಮ ಮಾಡಿಬಿಡಬೇಕು ಅನ್ನೋದು. 1894ರ ಕಾರಾಗೃಹ ಕಾಯ್ದೆಯ ನೆರಳಲ್ಲಿ ಪ್ರಾಂತ್ಯ ಪ್ರಾಂತ್ಯಕ್ಕೂ ಕೈಪಿಡಿಗಳು ಬಂದವು. ಸ್ವಾತಂತ್ರ್ಯ ಬಂದ ಮೇಲೂ ಅವು ಮುದ್ರಣ ಆಗುತ್ತಲೇ ಹೋದವು.

ಪಶ್ಚಿಮ ಬಂಗಾಳದ ಜೈಲು ಸಂಹಿತೆಯಲ್ಲಿ ಅಡಿಗೆಯವರು 'ಸೂಕ್ತ ಜಾತಿ'ಯವರಿರಬೇಕು, ಗುಡಿಸುವವರನ್ನ ಮೆಹ್ತರ್ ಅಥವಾ ಹರಿ ಜಾತಿಯಿಂದ ಆರಿಸಬೇಕು ಅನ್ನೋ ಅರ್ಥದ ನಿಯಮಗಳಿದ್ದವು. ಉತ್ತರ ಪ್ರದೇಶದ 2022ರ ಕೈಪಿಡಿಯ ನಿಯಮ ಇನ್ನೂ ನಯವಾದದ್ದು. ಸಾದಾ ಶಿಕ್ಷೆಯ ಕೈದಿಗೆ ಕೀಳು ಕೆಲಸ ಹೇಳಬಾರದು, ಅಂಥ ಕೆಲಸ ರೂಢಿಯಿರುವ ಸಮುದಾಯಕ್ಕೆ ಅವನು ಸೇರಿದ್ದರೆ ಹೊರತು ಅನ್ನೋದು ಅದರ ಸಾರ. ಈ ವಾಕ್ಯದ ಕಟ್ಟೋಣ ನೋಡಿ. ಮೊದಲರ್ಧ ಮನುಷ್ಯನ ಘನತೆ ಕಾಯುತ್ತದೆ. ಆಮೇಲೆ 'ಹೊರತು' ಅಂತ ಒಂದು ಪದ ಬರುತ್ತದೆ. ಇಡೀ ಹೊಲಗೇರಿಯನ್ನ ಆ ಒಂದು ಪದ ಊರಿನ ಆಚೆಗೆ ನೂಕುತ್ತದೆ. ಇನ್ನು 'ರೂಢಿ'. ಯಾರಿಗಾದರೂ ಮಲ ಬಾಚೋದು ರೂಢಿಯಾಗುತ್ತದೆಯೇ? ರೂಢಿಯಾದದ್ದು ಬಾಚುವವರಿಗಲ್ಲ, ಬಾಚಿಸುವವರಿಗೆ. ಜಾತಿ ಅಂದರೆ ಶ್ರಮ ವಿಭಜನೆ ಅಲ್ಲ, ಶ್ರಮಿಕರ ವಿಭಜನೆ ಅಂತ ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಜೈಲು ಕೈಪಿಡಿ ಅವರ ಮಾತಿಗೆ ಸರ್ಕಾರವೇ ಬರೆದ ಟೀಕೆಯ ಹಾಗಿದೆ.

ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ಈ ನಿಯಮಗಳನ್ನೆಲ್ಲ ಹೊರಗೆಳೆದು ಬರೆದರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಇಂಥ ನಿಯಮಗಳನ್ನ ಸಂವಿಧಾನಬಾಹಿರ ಅಂತ ತಳ್ಳಿಹಾಕಿತು. ಮೂರು ತಿಂಗಳಲ್ಲಿ ಕೈಪಿಡಿ ತಿದ್ದಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಅಂತ ಆಜ್ಞೆ ಮಾಡಿತು. ಸಂವಿಧಾನ ಜಾರಿಯಾಗಿ 74 ವರ್ಷ ಆದ ಮೇಲೆ. ತೀರ್ಪು ದೊಡ್ಡದು, ಅನುಮಾನ ಬೇಡ. ಆದರೆ ಕಾಲಂ ಅಳಿಸಿದರೆ ಕೆಲಸ ಅಳಿಯುತ್ತದೆಯೇ? ಇದನ್ನ ಕೇಳಲು ನನಗೊಂದು ಕಾರಣ ಇದೆ.

ಸುಡುಗಾಡಿನ ಜಾಗದ ವಿಚಾರಕ್ಕೆ ಧರಣಿ ಕೂತ ಕೇಸಿನಲ್ಲಿ ನಾವು ಸಂಘದ ಒಂಬತ್ತು ಜನ ಹನ್ನೊಂದು ದಿನ ಒಂದು ಜೈಲಿನಲ್ಲಿದ್ದೆವು. ಊರಿನ ಹೆಸರು ಬೇಡ. ಅಲ್ಲಿ ನಮ್ಮ ಜಾತಿಯನ್ನ ರಿಜಿಸ್ಟರ್ ನೋಡಿ ಯಾರೂ ತಿಳಿಯಲಿಲ್ಲ. ಬ್ಯಾರಕ್ಕಿನ ಉಸ್ತುವಾರಿಗಿದ್ದ ಹಳೇ ಕೈದಿಯೊಬ್ಬ ಬಂದು, "ಯಾವೂರಪ್ಪಾ? ಊರೊಳಗೋ ಆಚೆಗೋ?" ಅಂದ. ಅಷ್ಟೇ. ಮರುದಿನ ನಮ್ಮ ಜೊತೆ ಬಂದಿದ್ದ ಒಕ್ಕಲಿಗರ ಹುಡುಗನಿಗೆ ಅಡಿಗೆಮನೆಯಿಂದ ಕರೆ ಬಂತು, ನಮಗೆ ಪೊರಕೆ ಬಂತು. ವಿಚಾರಣಾಧೀನ ಕೈದಿಗೆ ಬಲವಂತವಾಗಿ ಕೆಲಸ ಹೇಳೋ ಹಾಗಿಲ್ಲ. ಕಾನೂನು ಗೊತ್ತಿತ್ತು, ಜಗಳ ಆಡಿದೆವು, ಮೂರನೇ ದಿನಕ್ಕೆ ಪೊರಕೆ ಬಿಡಿಸಿಕೊಂಡೆವು. ಹಾಗೆ ಜಗಳ ಆಡೋಕೆ ಆಗದ ಒಬ್ಬರಿದ್ದರು. ನಮ್ಮ ಜನದವರೇ, ವಯಸ್ಸಾದ ಸಜಾ ಕೈದಿ. ಇಡೀ ಸಾಲಿನ ಕಕ್ಕಸು ಅವರದ್ದು. ನಾವು ದೊಡ್ಡಪ್ಪ ಅಂತಿದ್ದೆವು.

ಜೈಲಲ್ಲಿ ಬದುಕೋದನ್ನ ನಮಗೆ ಹೇಳಿಕೊಟ್ಟವರು ಅವರು. ನಲ್ಲಿ ಬರೋಕೆ ಮುಂಚೆ ಏಳಬೇಕು. ಸೋಪನ್ನ ನಾಲ್ಕು ತುಂಡು ಮಾಡಿ ನಾಲ್ಕು ಕಡೆ ಇಡಬೇಕು. ಬೀಡಿ ಸೇದದಿದ್ದರೂ ಬೀಡಿ ಇಟ್ಟುಕೊಂಡಿರಬೇಕು, ಒಳಗೆ ಅದೇ ಕಾಸು. ಕಕ್ಕಸಿನ ಪಕ್ಕದಲ್ಲೇ ಮಲಗೋ ಪಾಡು ಬಂದರೆ ಬಾಗಿಲಿಗೆ ಒದ್ದೆ ಗೋಣಿ ಕಟ್ಟಬೇಕು. "ದಿನ ಎಣಿಸ್ಬ್ಯಾಡ ಕನ ಮಗ, ಊಟ ಎಣಿಸು. ದಿನ ಎಣಿಸಿದ್ರೆ ತಲೆ ಕೆಡ್ತದೆ, ಊಟ ಎಣಿಸಿದ್ರೆ ಹೊತ್ತು ಹೋಯ್ತದೆ" ಅಂದರು. ಈ ವಿದ್ಯೆಯನ್ನ ಅವರು ಜೈಲಲ್ಲಿ ಕಲಿತದ್ದಲ್ಲ, ಕೇರಿಯಿಂದ ತಂದದ್ದು. ಮೇಲ್ಜಾತಿಯ ಜೈಲು ಬರಹದಲ್ಲಿ ಜೈಲು ಬದುಕನ್ನ ತುಂಡು ಮಾಡುತ್ತದೆ. ದೊಡ್ಡಪ್ಪನ ಪಾಲಿಗೆ ಅದು ಬದುಕಿನ ಮುಂದುವರಿಕೆ.

ಒಂದು ಮಧ್ಯಾಹ್ನ ಅವರು ನನ್ನ ಕೈಲಿ ಅರ್ಜಿ ಬರೆಸಿದರು. ಬಿಡುಗಡೆ ಕೇಳಲಿಲ್ಲ, ನಿರಪರಾಧಿ ಅನ್ನಲಿಲ್ಲ. ಒಂದು ತಿಂಗಳ ಮಟ್ಟಿಗೆ ಕಕ್ಕಸಿನ ಕೆಲಸ ಬಿಡಿಸಿ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚೋಕೆ ಹಾಕಿ ಅಂತ ಕೇಳಿದರು. ಜೊತೆಗಾರನೊಬ್ಬ, "ಇಷ್ಟಕ್ಕೆ ಅರ್ಜೀನಾ?" ಅಂತ ನಕ್ಕ. ಅರ್ಜಿಗೆ ಉತ್ತರ ಬರೋಕೆ ಮುಂಚೆ ನಮಗೆ ಜಾಮೀನಾಯಿತು.

ಇಷ್ಟಕ್ಕೇ ಅರ್ಜಿ. ದಲಿತ ಕೈದಿಯ ಸಾಹಿತ್ಯ ಪ್ರಕಾರ ಯಾವುದು ಅಂತ ಕೇಳಿದರೆ ನಾನು ಅರ್ಜಿ ಅನ್ನುತ್ತೇನೆ. ನಮ್ಮ ವಿಮರ್ಶೆಯಲ್ಲಿ ಎರಡೇ ಗೂಡುಗಳಿವೆ, ಗೋಳು ಮತ್ತು ಬಂಡಾಯ. ಆ ಅರ್ಜಿ ಎರಡರಲ್ಲೂ ಕೂರೋದಿಲ್ಲ. 'ತಮ್ಮಲ್ಲಿ ವಿನಂತಿ' ಅಂತ ಶುರುವಾಗುತ್ತದೆ, ನಿಜ. ಆದರೆ ಅದು ಕೇಳೋದು ಅನ್ನ ಮುಟ್ಟೋ ಹಕ್ಕು. ಈ ಕೈ ಹೆಚ್ಚಿದ ಸೊಪ್ಪನ್ನ ಇಡೀ ಜೈಲು ಉಣ್ಣಲಿ ಅಂತ ಅದು ಹೇಳುತ್ತಿದೆ. ಮಹಾಡದ ಕೆರೆಯ ನೀರು ಮುಟ್ಟಿದ 1927ರ ಸಾಲಿಗೆ ಇದು ಸೇರೋದಿಲ್ಲವೇ? ಅರ್ಜಿಗೆ ಶಕ್ತಿ ಇಲ್ಲ ಅಂತಲೂ ಅನ್ನಬೇಡಿ. ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಅನ್ನೋ ಕೈದಿ ಇನ್ನೊಬ್ಬ ಕೈದಿಯ ಮೇಲಾದ ಹಲ್ಲೆ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಒಂದು ಕಾಗದ ಬರೆದ. ಕೋರ್ಟು ಅದನ್ನೇ ರಿಟ್ ಅರ್ಜಿ ಅಂತ ತಗೊಂಡು 1979ರಲ್ಲಿ ತೀರ್ಪು ಕೊಟ್ಟಿತು. ಒಂದು ಕಾಗದ ದೇಶದ ಜೈಲು ಕಾನೂನನ್ನೇ ಅಲ್ಲಾಡಿಸಿತು.

ಈಗ ನಮ್ಮದೇ ಮನೆಯ ಮಾತಿಗೆ ಬರೋಣ. ನಮ್ಮ ಚಳವಳಿಯಲ್ಲಿ ಹೋರಾಟ ಮಾಡಿ ಜೈಲಿಗೆ ಹೋದವರಿಗೆ ಹಾರ ಇದೆ, ಭಾಷಣ ಇದೆ. ಕಳ್ಳತನದ ಕೇಸು, ಹೊಡೆದಾಟದ ಕೇಸು, ಸುಳ್ಳು ಕೇಸಿನಲ್ಲಿ ಹೋದ ಕೇರಿ ಹುಡುಗರ ಹೆಸರನ್ನ ನಾವು ಎತ್ತೋದಿಲ್ಲ. ಎ ದರ್ಜೆ, ಸಿ ದರ್ಜೆ ಇಲ್ಲೂ ಬಂತಲ್ಲ! ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2019ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 4,78,600 ಜನರಲ್ಲಿ 99,273 ಮಂದಿ ಪರಿಶಿಷ್ಟ ಜಾತಿಯವರು, 53,336 ಮಂದಿ ಪರಿಶಿಷ್ಟ ಪಂಗಡದವರು. 2022ರ ಕೊನೆಗೆ ಒಳಗಿದ್ದ 5,73,220 ಜನರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ಅಂದರೆ ತಪ್ಪಿತಸ್ಥರು ಅಂತ ಇನ್ನೂ ತೀರ್ಮಾನ ಆಗದವರು. ಇವರಲ್ಲಿ ಹೋರಾಟಗಾರರು ಎಷ್ಟು ಮಂದಿ? ಉಳಿದವರು ನಮ್ಮವರಲ್ಲವೇ?

ಜಾಮೀನು ಸಿಕ್ಕರೂ ಹೊರಬರದ ಬಡವರ ಪಾಡು ನೋಡಿ. ಶ್ಯೂರಿಟಿಗೆ ಪಹಣಿ ತನ್ನಿ ಅಂತಾರೆ. ಭೂಮಿಯೇ ಇಲ್ಲದವರು ಪಹಣಿ ಎಲ್ಲಿಂದ ತರೋದು? ಮಧ್ಯಪ್ರದೇಶದ ಮೋತಿರಾಮ್ ಅನ್ನೋ ಗಾರೆ ಕೆಲಸದವನಿಗೆ ಜಾಮೀನಿಗೆ 10,000 ರೂಪಾಯಿ ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಶ್ಯೂರಿಟಿ ನಿರಾಕರಿಸಿದ್ದರು. 1978ರಲ್ಲಿ ಸುಪ್ರೀಂ ಕೋರ್ಟು ಇದನ್ನ ತಪ್ಪೆಂದಿತು. ಕೋರ್ಟಿನ ಬಾಗಿಲಲ್ಲಿ ಪಹಣಿ ಕೇಳೋ ಬಾಯಿಗೆ ಆ ತೀರ್ಪು ಇನ್ನೂ ಮುಟ್ಟಿಲ್ಲ. ಭೂಮಿಯ ಪ್ರಶ್ನೆ ಜೈಲಿನ ಪ್ರಶ್ನೆಯೂ ಹೌದು.

ಮತ್ತೊಂದು ಬಗೆಯ ಓದಿಗೆ ದಾರಿ ತೋರೋ ಪುಸ್ತಕಗಳೂ ಇವೆ. ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಜೈಲು ಪುಸ್ತಕ ಅಂತ ಹೆಸರು ಮಾಡಿಲ್ಲ. ಆದರೆ 1871ರ ಕಾಯ್ದೆ ಹುಟ್ಟಿನಿಂದಲೇ ಅಪರಾಧಿ ಅಂತ ಬರೆದಿಟ್ಟ ಜನಕ್ಕೆ ಗುಡಿಸಲೇ ಜೈಲು, ಪೊಲೀಸರ ಬೂಟಿನ ಸದ್ದೇ ಗಂಟೆ. ಅಂಥವರಿಗೆ ಬೇಲಿ ಹಾಕಿ ಕಟ್ಟಿದ ಸೆಟ್ಲ್‌ಮೆಂಟ್ ನಮ್ಮ ಹುಬ್ಬಳ್ಳಿಯಲ್ಲೂ ಇತ್ತು. ಇನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರು ಜೈಲಿನಲ್ಲಿದ್ದ ಸ್ನೇಹಲತಾ ರೆಡ್ಡಿಯವರ ದಿನಚರಿ. ಅಸ್ತಮಾದಲ್ಲಿ ನರಳುತ್ತಲೇ ಅವರು ಪಕ್ಕದಲ್ಲಿದ್ದ ಸಾಮಾನ್ಯ ಹೆಣ್ಣು ಕೈದಿಗಳ ಪರವಾಗಿ ಜಗಳವಾಡಿದರು. ಬಿಡುಗಡೆಯಾಗಿ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್. ನಾವು ಧರಣಿ ಕೂರೋದು ಅಲ್ಲೇ. ಅಲ್ಲಿ ಸೆರೆಯಿದ್ದ ನಾಯಕರನ್ನ ನೆನೆಯುತ್ತೇವೆ. ಅದೇ ಜೈಲಿನ ಕಕ್ಕಸು ತೊಳೆದವರ ಹೆಸರು ನಮಗೆ ಗೊತ್ತಿಲ್ಲ.

ಹಾಗಾದರೆ ಕೆಲಸ ಏನು? ಕಾಲಂ ಅಳಿಸೋದು ಕೋರ್ಟಿನ ಕೆಲಸ, ಅದು ಮಾಡಿದೆ. 'ಊರೊಳಗೋ ಆಚೆಗೋ' ಅಂತ ಕೇಳೋ ಬಾಯನ್ನ ಹಿಡಿಯೋದು ನಮ್ಮ ಕೆಲಸ. ಜೈಲಿನ ಕೆಲಸದ ಪಟ್ಟಿ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ವಕೀಲಿ ಓದಿದ ನಮ್ಮ ಹುಡುಗ ಹುಡುಗಿಯರು ಶ್ಯೂರಿಟಿ ಇಲ್ಲದವರ ಪಟ್ಟಿ ಹಿಡಿದು ಹೊರಡಬಹುದು. ವಿದ್ಯಾರ್ಥಿಗಳು ಕೇರಿಗೆ ಹೋಗಿ, ಒಳಗಿದ್ದು ಬಂದವರ ಬಾಯಿಂದ ಆ ದಿನಗಳನ್ನ ಬರಕೊಳ್ಳಬಹುದು, ಹೆಸರು ಮರೆಸಿ, ಅವರು ಒಪ್ಪಿದಷ್ಟು. ಅವರು ಬರೆಸಿದ ಅರ್ಜಿಗಳು ಮಡಿಚಿಕೊಂಡು ಎಲ್ಲೋ ಟ್ರಂಕಿನಲ್ಲಿರುತ್ತವೆ, ಅವನ್ನ ಕೂಡಿಸಬಹುದು. ಮುಂದಿನ ಸಲ ಜೈಲು ಸಾಹಿತ್ಯದ ಮೇಲೆ ವಿಚಾರ ಸಂಕಿರಣ ಮಾಡುವವರು ಆ ಅರ್ಜಿಗಳನ್ನ ಮೇಜಿನ ಮೇಲೆ ಇಡಲಿ. 'ಗೀತಾರಹಸ್ಯ'ದ ಪಕ್ಕದಲ್ಲೇ ಇಡಲಿ. ಆಮೇಲೆ ಮಾತಾಡೋಣ.