ತೋರುಬೆರಳಿನ ರೇಸು

ರಿಮೋಟ್ ಕಾರ್ ರೇಸಿಗೆ ಬರುವ ಹೊಸಬರ ಮೊದಲ ಪ್ರಶ್ನೆ "ಎಷ್ಟು ಸ್ಪೀಡ್ ಹೋಗುತ್ತೆ ಸಾರ್?" ಎರಡನೆಯದು "ಎಷ್ಟಾಯ್ತು?" ಟ್ರಾನ್ಸ್‌ಮಿಟರ್ ಕೊಳ್ಳಲು ಹೊರಟವರಾದರೆ ಇನ್ನೆರಡು ಸೇರುತ್ತವೆ: ಎಷ್ಟು ಚಾನೆಲ್, ಎಷ್ಟು ದೂರ ಹಿಡಿಯುತ್ತೆ? ಉತ್ತರ ಹೇಳಿ ಹೇಳಿ ಬಾಯಿ ಸೋತಿದೆ, ಇಲ್ಲಿ ಒಮ್ಮೆ ಬರೆದು ಕೈ ತೊಳೆದುಕೊಳ್ಳುತ್ತೇನೆ. ರೇಸ್ ಕಾರಿಗೆ ಬೇಕಾದ ಚಾನೆಲ್ ಎರಡೇ, ಸ್ಟೀರಿಂಗಿಗೊಂದು, ಥ್ರಾಟಲ್ ಮತ್ತು ಬ್ರೇಕಿಗೊಂದು. ಮಿಕ್ಕವು ಬಂಡೆ ಹತ್ತಿಸುವ ಕ್ರಾಲರ್‌ನವರಿಗೆ, ಲೈಟು ಮಿನುಗಿಸುವವರಿಗೆ. ಇನ್ನು ದೂರದ ಮಾತು. 1/10 ಅಳತೆಯ ಕಾರು ನೂರು ಮೀಟರ್ ಆಚೆ ಹೋದರೆ ಮೂತಿ ಯಾವ ಕಡೆ, ಬಾಲ ಯಾವ ಕಡೆ ಎಂಬುದೇ ಕಣ್ಣಿಗೆ ತಿಳಿಯದು. ಅರ್ಧ ಕಿಲೋಮೀಟರ್ ಹಿಡಿಯುವ ರೇಡಿಯೊ ಕೊಂಡು ಏನು ಮಾಡುತ್ತೀರಿ, ಪಕ್ಕದ ಊರಿನಲ್ಲಿ ಕಾರು ಹುಡುಕುತ್ತೀರಾ?

ಇದೇ ಹೊಸಬರು ಬೇಲಿಯಾಚೆ ನಿಂತು, ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಬಗ್ಗಿ ಕಾರು ಎತ್ತರಕ್ಕೆ ಹಾರಿದಾಗೆಲ್ಲ ಶಿಳ್ಳೆ ಹೊಡೆಯುತ್ತಾರೆ. ಯಕ್ಷಗಾನಕ್ಕೆ ಹೋಗಿ ಕಿರೀಟ ನೋಡಿ ಎದ್ದು ಬಂದಂತೆ. ಎತ್ತರಕ್ಕೆ ಹಾರಿದ ಕಾರು ಗಾಳಿಯಲ್ಲಿ ಹೊತ್ತು ಕಳೆಯುತ್ತಿದೆ, ಚಕ್ರ ನೆಲಕ್ಕೆ ತಾಗದೆ ಅದು ವೇಗ ಕೂಡಿಸಿಕೊಳ್ಳಲಾರದು. ತಗ್ಗಾಗಿ ಹಾರಿ, ದಿಬ್ಬದಾಚೆಯ ಇಳಿಜಾರಿಗೆ ಸದ್ದಿಲ್ಲದೆ ಕೂತು, ಕೂತ ಕ್ಷಣವೇ ಓಡುವ ಕಾರು ಗೆಲ್ಲುವ ಕಾರು. ಅದಕ್ಕೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ. ಆ ಹಾರಾಟವನ್ನು ತಗ್ಗಿಸಿದ್ದು, ಇಳಿಜಾರಿಗೆ ಸರಿಯಾಗಿ ಮೂಗು ಬಾಗಿಸಿದ್ದು ಎಲ್ಲಿ ನಡೆಯಿತು ಎಂದು ನೋಡಬೇಕಾದರೆ ಟ್ರ್ಯಾಕಿನಿಂದ ಕಣ್ಣು ಕಿತ್ತು ಡ್ರೈವರ್ ಸ್ಟ್ಯಾಂಡಿನ ಕಡೆ ತಿರುಗಬೇಕು. ಅಲ್ಲಿ ಸಾಲಾಗಿ ನಿಂತವರ ತೋರುಬೆರಳು ನೋಡಬೇಕು.

ಪಿಸ್ತೂಲಿನಂಥ ಟ್ರಾನ್ಸ್‌ಮಿಟರಿನಲ್ಲಿ ಟ್ರಿಗರ್ ಹಿಂದಕ್ಕೆ ಎಳೆದರೆ ಓಟ, ಮುಂದಕ್ಕೆ ತಳ್ಳಿದರೆ ಬ್ರೇಕ್. ಎಳೆಯುವುದು ಕೂಸಿಗೂ ಬರುತ್ತದೆ. ಆಟವಿರುವುದು ತಳ್ಳುವುದರಲ್ಲಿ. ಗಾಳಿಯಲ್ಲಿರುವ ಬಗ್ಗಿಗೆ ನೆಲದ ಆಸರೆಯಿಲ್ಲ, ಆದರೂ ಅದನ್ನು ಬಾಗಿಸಬಹುದು. ರಭಸದಿಂದ ತಿರುಗುವ ಚಕ್ರಗಳಲ್ಲಿ ಕೋನೀಯ ಸಂವೇಗ ತುಂಬಿರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ನಿಂತು, ಆ ಸಂವೇಗ ಬೇರೆ ದಾರಿಯಿಲ್ಲದೆ ಕಾರಿನ ಮೈಗೆ ಇಳಿಯುತ್ತದೆ. ಚಕ್ರ ತಿರುಗುತ್ತಿದ್ದ ದಿಕ್ಕಿಗೇ ಇಡೀ ಕಾರು ತಿರುಗಿ ಮೂಗು ತಗ್ಗುತ್ತದೆ. ಗಾಳಿಯಲ್ಲೇ ಗ್ಯಾಸ್ ಕೊಟ್ಟರೆ ಇದರ ತಿರುವುಮುರುವು, ಮೂಗು ಮೇಲೇಳುತ್ತದೆ. ಇಷ್ಟೂ ನಡೆಯುವುದು ಕಾರು ನೆಲ ಬಿಟ್ಟು ನೆಲ ಸೇರುವುದರೊಳಗೆ. ಒಂದು ತಟ್ಟು ಸಾಕು, ಎರಡನೆಯದು ಹೆಚ್ಚಾಯಿತೆಂದರೆ ಮೂಗು ನೆಲಕ್ಕೆ ನಾಟಿ ಕಾರು ಪಲ್ಟಿ.

ನನಗೆ ಇದು ಕಣ್ಣಿಗಿಂತ ಮೊದಲು ಕಿವಿಗೆ ಹೊಳೆಯಿತು. ಬೆಂಗಳೂರಿನ ಹೊರಗೆ ಒಂದು ಕೆಮ್ಮಣ್ಣಿನ ಟ್ರ್ಯಾಕಿನಲ್ಲಿ ಮಾರ್ಷಲ್ ಆಗಿ, ಅಂದರೆ ಬಿದ್ದ ಕಾರುಗಳನ್ನು ಎತ್ತಿ ನಿಲ್ಲಿಸುವವನಾಗಿ, ದೊಡ್ಡ ಜಂಪಿನ ಪಕ್ಕದಲ್ಲಿ ನಿಂತಿದ್ದೆ. ನೈಟ್ರೊ ಇಂಧನದ ಇಂಜಿನ್ನಿನಲ್ಲಿ ಓಡುವ ಬಗ್ಗಿಗಳ ರೇಸು. ಎಲ್ಲ ಕಾರುಗಳೂ ಗಾಳಿಯಲ್ಲಿ ಒಂದೇ ಸಮನೆ ಕಿರುಚಿಕೊಂಡು ಹೋಗುತ್ತಿದ್ದವು. ಒಂದು ಮಾತ್ರ ನೆತ್ತಿಯಲ್ಲಿ ತಟಕ್ಕನೆ ಸ್ವರ ಇಳಿಸಿ, ನೆಲ ಮುಟ್ಟುವ ಮೊದಲೇ ಮತ್ತೆ ಏರಿಸುತ್ತಿತ್ತು. ಪ್ರತಿ ಲ್ಯಾಪಿನಲ್ಲೂ ಅದೇ ಜಾಗ, ಅದೇ ಇಳಿತ. ಕತ್ತೆತ್ತಿ ಸ್ಟ್ಯಾಂಡ್ ನೋಡಿದೆ. ಅಕ್ಕಪಕ್ಕದ ಹುಡುಗರು ಕಾರು ತಿರುಗಿದ ಕಡೆಗೆಲ್ಲ ಮೈ ಬಾಗಿಸಿ, ರೇಡಿಯೊ ಎತ್ತಿ ಇಳಿಸಿ ಕುಣಿಯುತ್ತಿದ್ದರೆ, ಆ ಕಾರಿನ ಯಜಮಾನರು ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಅಲ್ಲಾಡುತ್ತಿದ್ದದ್ದು ಒಂದು ಬೆರಳು. ಅವರ ಕೈಯಲ್ಲಿದ್ದದ್ದು ಪೇಂಟ್ ಸವೆದ, ಪರದೆಯಲ್ಲಿ ಬಣ್ಣವೇ ಇಲ್ಲದ ಹಳೆಯ ರೇಡಿಯೊ. ಆ ಸಂಜೆ ಮಿಕ್ಕ ಕಾರುಗಳು ಎಷ್ಟು ಬಿದ್ದವೋ ನಾನು ಎತ್ತಲಿಲ್ಲ, ಬೈಸಿಕೊಂಡೆ.

ಹಾಗಾಗಿ ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರ ಓದಬೇಡಿ, ಕೈಗೆ ಕೊಡಿ ಎನ್ನಿ. ಮೊದಲು ಟ್ರಿಗರ್. ಬೆರಳಿನ ತುದಿಯ ಗಂಟು ಟ್ರಿಗರಿನ ಒಳಬಾಗಿಗೆ ಕೂರಬೇಕು. ಬೆರಳು ಚಾಚಿ ಹಿಡಿಯಬೇಕಾದರೆ ಹತ್ತು ನಿಮಿಷದಲ್ಲಿ ನೋವು ಶುರು. ಬೆರಳಿನ ಬೆನ್ನು ಟ್ರಿಗರಿನ ಮುಂಭಾಗಕ್ಕೆ ತಾಗಿಕೊಂಡೇ ಇರಬೇಕು. ನಡುವೆ ಕಾಳಿನಷ್ಟು ಸಂದು ಇದ್ದರೂ ಎಳೆತದಿಂದ ತಳ್ಳುವುದಕ್ಕೆ ಹೊರಳುವಾಗ ಆ ಸಂದು ದಾಟುವಷ್ಟು ಹೊತ್ತು ನಷ್ಟ. ಆಮೇಲೆ ಸ್ಪ್ರಿಂಗ್. ಮೆತ್ತಗಿದ್ದರೆ ನ್ಯೂಟ್ರಲ್ ಎಲ್ಲಿದೆ ಎಂದು ಬೆರಳಿಗೆ ತಿಳಿಯದು, ಗಡುಸಾದರೆ ಸಣ್ಣ ತಟ್ಟು ಬರುವುದಿಲ್ಲ. ಟ್ರಿಗರ್ ಬಿಟ್ಟುನೋಡಿ, ನಡುವಿಗೆ ಬಂದು ನಿಂತ ಮೇಲೆ ಲೊಡಲೊಡ ಅಲ್ಲಾಡಿದರೆ ಅಂಗಡಿಯವನಿಗೇ ವಾಪಸ್ ಕೊಡಿ. ಸಾನ್ವಾ, ಫುಟಾಬಾ, ಕೆಒ ಪ್ರೊಪೊ ಈ ಮೂರು ಜಪಾನೀ ಮನೆತನಗಳ ದುಬಾರಿ ರೇಡಿಯೊಗಳಲ್ಲಿ ಸ್ಪ್ರಿಂಗಿನ ಬಿಗಿಯನ್ನು ತಿರುಪು ತಿರುಗಿಸಿ ಹೊಂದಿಸಬಹುದು. ಟ್ರಿಗರಿನ ಒಟ್ಟು ಹಾದಿಯನ್ನು ಓಟಕ್ಕೂ ಬ್ರೇಕಿಗೂ ಸರಿಪಾಲು ಮಾಡಬೇಕೋ, 70:30 ಮಾಡಬೇಕೋ ಎಂಬುದೂ ಹಲವು ರೇಡಿಯೊಗಳಲ್ಲಿ ನಿಮ್ಮ ಇಷ್ಟ. ನಾನು 70:30 ಪಕ್ಷ. ಬ್ರೇಕಿನ ಹಾದಿ ಗಿಡ್ಡವಾಗಿದ್ದರೆ ಬೆರಳು ಬೇಗ ಅಲ್ಲಿಗೆ ಹೋಗಿ ಬೇಗ ಬರುತ್ತದೆ. ಸರಿಪಾಲಿನವರು ಸಿಕ್ಕಾಪಟ್ಟೆ ವಾದ ಮಾಡುತ್ತಾರೆ, ಕೇಳಿಸಿಕೊಳ್ಳಬೇಡಿ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಟ್ರಿಗರ್ ಬಿಟ್ಟೊಡನೆ ತಾನೇ ಕೊಂಚ ಹಿಡಿಯುವ ಡ್ರ್ಯಾಗ್ ಬ್ರೇಕ್ ಎಂಬ ಸವಲತ್ತು ಇಎಸ್‌ಸಿಯಲ್ಲಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಡಬ್ಬಿಯಲ್ಲಿ, ಇದೆ. ಸ್ವಲ್ಪ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಜಾಸ್ತಿ ಇಟ್ಟರೆ ಬೆರಳು ಸೋಮಾರಿಯಾಗುತ್ತದೆ.

ಸ್ಟೀರಿಂಗ್ ವೀಲಿಗೂ ಸ್ಪ್ರಿಂಗ್ ಮತ್ತು ಲೊಡಲೊಡದ ಪರೀಕ್ಷೆ ಅದೇ. ಸ್ಟೀರಿಂಗ್ ಎಷ್ಟು, ಹೇಗೆ ತಿರುಗಬೇಕೆಂದು ಹೊಂದಿಸುವ ಎಕ್ಸ್‌ಪೊ, ಡ್ಯುಯಲ್ ರೇಟ್, ಎಂಡ್ ಪಾಯಿಂಟ್ ಇವು ಈಗ ಅಗ್ಗದ ರೇಡಿಯೊದಲ್ಲೂ ಇರುತ್ತವೆ, ಅವನ್ನು ಟ್ರ್ಯಾಕಿನಲ್ಲೇ ಕಲಿಯುವಿರಿ. ವೀಲ್ ಬಿಟ್ಟು ಎರಡು ಕಡ್ಡಿಯ ರೇಡಿಯೊ ಹಿಡಿಯುವವರು ಯುರೋಪು, ಜಪಾನುಗಳಲ್ಲಿ ಇನ್ನೂ ಇದ್ದಾರೆ. ಅವರು ಬೇರೆ ಮಠದವರು, ಬ್ರೇಕನ್ನು ಹೆಬ್ಬೆರಳಿನಲ್ಲಿ ಸಾಧಿಸಿದವರು. ನಮಸ್ಕಾರ ಮಾಡಿ ಮುಂದೆ ಹೋಗೋಣ.

ಪಳಗಿದ ಕೈ ಹೇಗಿರುತ್ತದೆಂದು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ರಿಮೋಟ್ ಕಾರ್ ರೇಸಿನ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್‌ನ ಎಲೆಕ್ಟ್ರಿಕ್ ಆಫ್‌ರೋಡಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1985ರಲ್ಲಿ, ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ. ಎರಡು ವರ್ಷದ ನಂತರ ಇಂಗ್ಲೆಂಡಿನ ರಾಮ್ಸಿಯಲ್ಲಿ ನಾಲ್ಕು ಚಕ್ರದ ವಿಭಾಗ ಗೆದ್ದ ಜಪಾನಿನ ಮಸಾಮಿ ಹಿರೊಸಾಕಾ ಆಗಿನ್ನೂ ಹದಿಹರೆಯದ ಹುಡುಗ. ಮುಂದೆ ಒಟ್ಟು 14 ವಿಶ್ವ ಪಟ್ಟ ಕಟ್ಟಿಕೊಂಡವರು. ಅವರ ಹಳೆಯ ರೇಸುಗಳ ವಿಡಿಯೊ ಹುಡುಕಿ ನೋಡಿ. ಕಾರು ನಿಧಾನ ಹೋಗುತ್ತಿದೆ ಅನಿಸುತ್ತದೆ, ಗಡಿಯಾರ ಬೇರೆ ಹೇಳುತ್ತದೆ.

ಆ ಕಾಲದ ಪಾಡೂ ಗೊತ್ತಿರಲಿ. 27 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಇದ್ದದ್ದು ಆರು ಆವರ್ತನ, ಒಂದೊಂದಕ್ಕೂ ಒಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ನಿಮ್ಮ ರೇಡಿಯೊದ ಕ್ರಿಸ್ಟಲ್ ಯಾವ ಬಣ್ಣದ್ದೋ ಆ ಬಣ್ಣದವನು ಇನ್ನೊಬ್ಬ ರೇಸಿನಲ್ಲಿರಬಾರದು. ಪಿಟ್‌ನಲ್ಲಿ ಯಾರೋ ಮರೆತು ಸ್ವಿಚ್ ಒತ್ತಿದರೆ ಟ್ರ್ಯಾಕಿನಲ್ಲಿ ನಿಮ್ಮ ಕಾರು ಗೋಡೆಗೆ. 2.4 ಗಿಗಾಹರ್ಟ್ಸ್ ಬಂದು ಆ ಗೋಳು ತಪ್ಪಿಸಿತು. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಬ್ಯಾಂಡು 2005ರಿಂದ ಲೈಸೆನ್ಸಿನ ಹಂಗಿಲ್ಲದ್ದು. ಹಳೆಯ ಪದ್ಧತಿಯಲ್ಲಿ ರೇಡಿಯೊ ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಕಾರಿಗೆ ಸುದ್ದಿ ಕಳಿಸುತ್ತಿತ್ತು. ಗಂಟೆಗೆ 60 ಕಿಲೋಮೀಟರಿನಲ್ಲಿರುವ ಕಾರು ಅಷ್ಟರಲ್ಲಿ 33 ಸೆಂಟಿಮೀಟರ್ ದಾಟಿರುತ್ತದೆ, ಅಂದರೆ ಹೆಚ್ಚುಕಡಿಮೆ ತನ್ನದೇ ಉದ್ದ. ಈಗಿನ ಒಳ್ಳೆಯ ರೇಡಿಯೊಗಳಲ್ಲಿ ಈ ಅಂತರ ಕೆಲವೇ ಮಿಲಿಸೆಕೆಂಡು. ಇದಕ್ಕೆ ದುಡ್ಡು ಕೊಟ್ಟರೆ ದಂಡವಲ್ಲ. ಆದರೆ ತಿರುವಿನಲ್ಲಿ ತಡವಾಗಿ ಬ್ರೇಕ್ ಹಿಡಿದು ರೇಡಿಯೊ ನಿಧಾನ ಎನ್ನುವವರಿಗೆ ಕುಣಿಯಲಾರದವಳ ಡೊಂಕು ನೆಲದ ಗಾದೆ ಸಾಕು. ಸಾನ್ವಾ ಕೊಟ್ಟರೂ ಅಷ್ಟೇ.

ಯಾವುದು ಕೊಳ್ಳಲಿ ಅಂತೀರಾ? ನಿಮ್ಮ ಟ್ರ್ಯಾಕಿನಲ್ಲಿ ಹೆಚ್ಚು ಜನ ಹಿಡಿದ ಕಂಪನಿಯದು. ಒಂದು ಕಂಪನಿಯ ರಿಸೀವರ್ ಸಾಮಾನ್ಯವಾಗಿ ಇನ್ನೊಂದರ ಮಾತು ಕೇಳುವುದಿಲ್ಲ. ಪ್ರತಿ ಕಾರಿಗೂ ಒಂದೊಂದು ರಿಸೀವರ್ ಬೇಕು, ಆ ಖರ್ಚೇ ಕೊನೆಗೆ ರೇಡಿಯೊದ ಬೆಲೆ ದಾಟುತ್ತದೆ. ಭಾನುವಾರ ಬೆಳಿಗ್ಗೆ ರಿಸೀವರ್ ಸುಟ್ಟರೆ ಸಾಲ ಕೊಡುವ ಪುಣ್ಯಾತ್ಮ ಅಕ್ಕಪಕ್ಕದಲ್ಲಿರಬೇಕು. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಫ್ಲೈಸ್ಕೈ, ರೇಡಿಯೋಲಿಂಕ್‌ನವರ ಸಾದಾ ರೇಡಿಯೊದಲ್ಲಿ ಶುರು ಮಾಡಿ, ನಾಚಿಕೆ ಬೇಡ. ಟಚ್‌ಸ್ಕ್ರೀನ್ ಮೋಹ ಬಿಡಿ. ಮೇ ತಿಂಗಳ ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಬೆವರಿನ ಬೆರಳಿಗೆ ಅದು ಓಗೊಡುವುದಿಲ್ಲ. ರಿಸೀವರಿನಲ್ಲೇ ಕೂತು ಕಾರನ್ನು ನೆಟ್ಟಗೆ ಓಡಿಸುವ ಜೈರೊ ಗಂಭೀರ ರೇಸುಗಳಲ್ಲಿ ಸಾಮಾನ್ಯವಾಗಿ ನಿಷಿದ್ಧ. ಎಡಗೈಯವರಿಗಾಗಿ ವೀಲನ್ನು ಆ ಕಡೆಗೆ ಬದಲಿಸಿಕೊಳ್ಳುವ ರೇಡಿಯೊಗಳಿವೆ, ಕೇಳಿ ನೋಡಿ.

ತಂದ ದಿನವೇ ಮಾಡಬೇಕಾದ ಕೆಲಸ ಫೇಲ್‌ಸೇಫ್. ಸಂಪರ್ಕ ಕಡಿದರೆ ಕಾರು ಏನು ಮಾಡಬೇಕೆಂದು ಮೊದಲೇ ಹೇಳಿಡುವುದು; ಬ್ರೇಕ್ ಹಿಡಿ ಎಂದು ಹೇಳಿಡಿ. ಕಾರನ್ನು ಡಬ್ಬದ ಮೇಲೆ ಚಕ್ರ ನೆಲಕ್ಕೆ ತಾಗದ ಹಾಗೆ ಕೂರಿಸಿ, ಟ್ರಿಗರ್ ಸ್ವಲ್ಪ ಎಳೆದು ಹಿಡಿದಿರುವಾಗಲೇ ರೇಡಿಯೊ ಆಫ್ ಮಾಡಿ. ಚಕ್ರ ನಿಲ್ಲಬೇಕು. ಹಗುರ ಎಲೆಕ್ಟ್ರಿಕ್ ಕಾರಿನವರೂ ಇದನ್ನು ಮಾಡಬೇಕು, ಮೂರು ಕಿಲೋಗಿಂತ ಹೆಚ್ಚು ತೂಗುವ ನೈಟ್ರೊ ಬಗ್ಗಿಯವರಂತೂ ಮಾಡದೆ ಇಂಜಿನ್ನೇ ಚಾಲೂ ಮಾಡಬಾರದು. ಚಕ್ರ ನಿಲ್ಲದಿದ್ದರೆ ಆ ಕಾರನ್ನು ಟ್ರ್ಯಾಕಿಗೆ ತರಬೇಡಿ. ತಂದೇ ತರುತ್ತೀರಾದರೆ ನಾನು ಮಾರ್ಷಲ್ ನಿಲ್ಲದ ದಿನ ನೋಡಿಕೊಂಡು ಬನ್ನಿ.